ಮೈಯೇ ಪ್ಲಸ್

ನಮ್ಮ ದೊಡ್ಡಪ್ಪನ ಮಾರಿಸ್ ಮೈನರ್ ತಪ್ಪದೆ ಹೊರಗೆ ಬರುವುದು ಆಯುಧಪೂಜೆಯ ದಿನ. ಉಳಿದ ದಿನಗಳಲ್ಲಿ ಬರುವುದು ಬಿಡುವುದು ಅದರ ಮರ್ಜಿ. 1958ರ ಗಾಡಿ. ತಿರುವಿನಲ್ಲಿ ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈಯೊಂದನ್ನು ಚಾಚಿ ದಿಕ್ಕು ತೋರಿಸುತ್ತದೆ. ಕೀ ತಿರುಗಿಸಿದರೆ ಪೆಟ್ರೋಲ್ ಪಂಪು ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಎನ್ನುತ್ತದೆ. ಆ ಶಕುನ ಕೇಳಿಸಿದ ಮೇಲೆಯೇ ದೊಡ್ಡಪ್ಪ ಸ್ಟಾರ್ಟರಿನ ಗುಬ್ಬಿ ಎಳೆಯುವುದು.

ಆ ವರ್ಷ ಹಲ್ಲಿ ನುಡಿಯಲಿಲ್ಲ. ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣು ಇಟ್ಟಾಗಿತ್ತು. ಬೂದುಗುಂಬಳಕ್ಕೆ ಕುಂಕುಮ ತುಂಬಿ ಆಗಿತ್ತು. ತಿಂಗಳುಗಟ್ಟಲೆ ಮಲಗಿದ್ದ ಬ್ಯಾಟರಿ ಮಾತ್ರ ಗೊಡ್ಡಾಗಿತ್ತು. ಹಿಂದಿನ ಕಾಲವಾಗಿದ್ದರೆ ಎಲ್ಲರೂ ಸೇರಿ ತಳ್ಳುತ್ತಿದ್ದೆವು. ಈಗ ಎಲ್ಲರ ಮೈಮೇಲೂ ಇಸ್ತ್ರಿ ಮಾಡಿದ ರೇಷ್ಮೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ತನ್ನ ಹೊಸ ಕಾರನ್ನು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದು ನಿಲ್ಲಿಸಿ, ಡಿಕ್ಕಿಯಿಂದ, ಒಂದು ಗಾಡಿಯ ಬ್ಯಾಟರಿಯ ಕರೆಂಟನ್ನು ಇನ್ನೊಂದಕ್ಕೆ ಕೊಡುವ ಜಂಪರ್ ಕೇಬಲ್ ತೆಗೆದ. “ಅಂಕಲ್, ಎರಡು ನಿಮಿಷದ ಕೆಲಸ” ಎಂದ.

ಅವನು ಕಲಿತದ್ದು ತಪ್ಪೇನಲ್ಲ. ಕೆಂಪು ಪ್ಲಸ್‌ಗೆ, ಕಪ್ಪು ಕೊನೆಯಲ್ಲಿ ಗಾಡಿಯ ಲೋಹದ ಮೈಗೆ. ಬ್ಯಾಟರಿಯ ಮೇಲಿನ ಗುರುತುಗಳೋ, ಗ್ರೀಸು ಮತ್ತು ಕಿಲುಬಿನ ಕೆಳಗೆ ಸೇರಿ ಹೋಗಿದ್ದವು. ಒಂದು ವೈರು ಗಾಡಿಯ ಮೈಗೆ ಹೋಗುವುದನ್ನು ನೋಡಿ ಅವನು ನಿರ್ಧರಿಸಿಬಿಟ್ಟ: ಮೈಗೆ ಹೋಗುವುದು ಮೈನಸ್. ಹೆಸರಿನಲ್ಲೇ ಮೈ ಇದೆಯಲ್ಲ, ನಾನೂ ತಲೆಯಾಡಿಸಿದೆ.

ಈ ಗಾಡಿಯಲ್ಲಿ ಮೈಯೇ ಪ್ಲಸ್. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಿನವು ಹಾಗೆಯೇ. 1960ರ ದಶಕದ ಕೊನೆಯ ಹೊತ್ತಿಗೆ ಅವು ಜಗತ್ತಿನ ದಾರಿಗೆ ಬಂದವು. ಇದನ್ನು ಬಲ್ಲವರು ನಮ್ಮಲ್ಲಿ ದೊಡ್ಡಪ್ಪ ಒಬ್ಬರೇ. ಅವರ ಕನ್ನಡಕ ದೇವರ ಮನೆಯಲ್ಲಿತ್ತು.

ಕ್ಲಿಪ್ಪು ತಾಗಿದಾಗ ಚಟ್ ಎಂದು ದೊಡ್ಡ ಕಿಡಿ ಹಾರಿತು. ಹಬ್ಬದ ದಿನ, ಅದನ್ನೂ ಪಟಾಕಿಯ ಲೆಕ್ಕಕ್ಕೆ ಹಾಕಿದೆವು. ಮೋಸವೆಂದರೆ ಗಾಡಿ ಸ್ಟಾರ್ಟ್ ಆಯಿತು! ಸ್ಟಾರ್ಟರ್ ಮೋಟರಿಗೆ ಪ್ಲಸ್ಸು ಮೈನಸ್ಸಿನ ಭೇದವಿಲ್ಲ, ಹೇಗೆ ಕೊಟ್ಟರೂ ಒಂದೇ ದಿಕ್ಕಿಗೆ ಸುತ್ತುತ್ತದೆ. ಬಲ್ಬಿಗೂ ಇಲ್ಲ, ಹಾರ್ನಿಗೂ ಇಲ್ಲ. ಹಳೆಯ ಕಾಲದ ಈ ಸಮದರ್ಶಿಗಳೇ ನಮ್ಮನ್ನು ಹಾಳು ಮಾಡಿದ್ದು. ಎಲ್ಲರೂ ಚಪ್ಪಾಳೆ ತಟ್ಟಿದೆವು. ದೊಡ್ಡಪ್ಪ ಉತ್ಸಾಹದಿಂದ ಆಕ್ಸಿಲರೇಟರ್ ಒತ್ತಿದರು.

ಭೇದ ಬಲ್ಲದ್ದು ಡೈನಮೊ. ವೇಗ ಸಿಕ್ಕೊಡನೆ ಅದು ಅರುವತ್ತು ವರ್ಷಗಳ ಅಭ್ಯಾಸದಂತೆ ಮೈಯನ್ನು ಪ್ಲಸ್ ಮಾಡಿಯೇ ಕರೆಂಟು ಹುಟ್ಟಿಸಿತು. ಎದುರಿಗೆ ಹೊಸ ಕಾರಿನ ಉಲ್ಟಾ ಕರೆಂಟು. ನಡುವೆ ಬಾಗಿಲು ಕಾಯುವುದು ಕಟೌಟ್. ಚಿತ್ರಮಂದಿರದ ಮುಂದೆ ಹಾಲೆರೆಸಿಕೊಳ್ಳುವ ಕಟೌಟ್ ಅಲ್ಲ. ಡೈನಮೊಗೆ ಶಕ್ತಿ ಬಂದಾಗ ಅದನ್ನು ಬ್ಯಾಟರಿಗೆ ಸೇರಿಸಿ, ಇಲ್ಲದಾಗ ಬಿಡಿಸುವ ಸ್ವಿಚ್ಚು. ಅದು ಎಂದಿನಂತೆ ಬಾಗಿಲು ತೆರೆಯಿತು, ಎರಡು ಕಡೆಯ ಕರೆಂಟೂ ಡಿಕ್ಕಿ ಹೊಡೆದು ಅದರ ಪಾಯಿಂಟುಗಳು ಬೆಸೆದುಕೊಂಡವು. ಬಾನೆಟ್ಟಿನ ಒಳಗಿಂದ ಹೊಗೆ. ಮೊದಲು ಅಗರಬತ್ತಿಯದು ಎಂದುಕೊಂಡೆವು, ಆಮೇಲೆ ವಾಸನೆ ಬಂತು. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದರೂ ಹೊಗೆ ನಿಲ್ಲಲಿಲ್ಲ, ಏಕೆಂದರೆ ಆ ದಾರಿ ಕೀಯನ್ನು ಕೇಳಿ ಹಾದುಹೋಗುವುದಲ್ಲ. ಹುಡುಗ ಪಂಚೆಯ ತುದಿಯಿಂದ ಕ್ಲಿಪ್ಪು ಹಿಡಿದು ಕಿತ್ತ ಮೇಲೆಯೇ ಶಾಂತಿ. ನಿಂಬೆಹಣ್ಣಿನ ಶಾಸ್ತ್ರವನ್ನು ಕೊನೆಗೆ ರೇಷ್ಮೆ ಪಂಚೆಗಳೇ ತಳ್ಳಿ ಮುಗಿಸಿದವು.

ದಸರೆ ಕಳೆದ ಮೇಲೆ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಸಿಕ್ಕರು. ನೂಲು ಸುತ್ತಿದ ಹಳೆಯ ವೈರುಗಳು ಅಲ್ಲಲ್ಲಿ ಸುಟ್ಟು ಕರಿಕಾಗಿದ್ದವು, ಅವನ್ನು ಬದಲಿಸಿದರು. ಅಂಟಿದ ಪಾಯಿಂಟುಗಳನ್ನು ಬಿಡಿಸಿ ಉಜ್ಜಿದರು. ಡ್ಯಾಶ್‌ಬೋರ್ಡಿನ ಟ್ರಾನ್ಸಿಸ್ಟರ್ ರೇಡಿಯೊವನ್ನು ಮೂಸಿ ನೋಡಿ ದೊಡ್ಡಮ್ಮನ ಕೈಗೆ ಕೊಟ್ಟರು, ಆ ಕೊಟ್ಟ ರೀತಿಯಲ್ಲೇ ಸಂತಾಪವಿತ್ತು. ಉಳಿದದ್ದು ಡೈನಮೊ. ಉಲ್ಟಾ ಕರೆಂಟು ನುಗ್ಗಿ ಅದರೊಳಗೆ ಉಳಿದಿದ್ದ ಚೂರು ಕಾಂತಶಕ್ತಿಯೇ ತಿರುಗಿ ಕೂತಿತ್ತು. ಅವರು ಹೊಸ ಬ್ಯಾಟರಿಯ ಮೈನಸ್ಸಿನಿಂದ ವೈರೊಂದನ್ನು ಡೈನಮೊದ ಸಣ್ಣ ತುದಿಗೆ ಚಿಟಿಕೆ ಹೊಡೆಯುವಷ್ಟು ಹೊತ್ತು ಮುಟ್ಟಿಸಿ ತೆಗೆದರು, ಇನ್ನೊಮ್ಮೆ ಮುಟ್ಟಿಸಿದರು. “ಮರೆತಿತ್ತು, ನೆನಪಿಸಿದೆ” ಎಂದರು. ಎಂಜಿನ್ ಏರಿಸಿದಾಗ, ಡೈನಮೊ ಕರೆಂಟು ಕೊಡುತ್ತಿಲ್ಲವೆಂದು ಎಚ್ಚರಿಸುವ ಕೆಂಪು ದೀಪ ಆರಿತು.

ದೊಡ್ಡಮ್ಮ ಕೇಳಿದ್ದು ಒಂದೇ: “ಹ್ಯಾಂಡಲ್ ಇತ್ತಲ್ಲ?” ಬ್ಯಾಟರಿ ಕೈಕೊಟ್ಟರೆ ಎಂಜಿನ್ನನ್ನು ಕೈಯಿಂದಲೇ ಸುತ್ತಿ ಸ್ಟಾರ್ಟ್ ಮಾಡಲೆಂದು ಡಿಕ್ಕಿಯಲ್ಲಿ ಗೋಣಿಚೀಲ ಸುತ್ತಿ ಮಲಗಿಸಿದ್ದ ಆ ಕಬ್ಬಿಣದ ಹ್ಯಾಂಡಲು ಅಷ್ಟೂ ದಿನ ಯಾರಿಗೂ ನೆನಪಾಗಿರಲಿಲ್ಲ.

ಮರುವರ್ಷ ಅದು ಅರಿಸಿನ ಕುಂಕುಮ ಹಚ್ಚಿಸಿಕೊಂಡು ಗಾಡಿಯ ಮುಂದೆಯೇ ಕುಳಿತಿತ್ತು. ಪೂಜೆ ಮುಗಿಯುತ್ತಲೇ ಪಕ್ಕದ ಮನೆಯ ಹುಡುಗ ತೋಳು ಮಡಚಿ ಮುಂದೆ ಬಂದ. ದೊಡ್ಡಪ್ಪ ಈ ಸಲ ಕನ್ನಡಕ ಹಾಕಿಕೊಂಡಿದ್ದರು. “ಹೆಬ್ಬೆರಳನ್ನು ಹಿಡಿಗೆ ಸುತ್ತಬೇಡವಪ್ಪ, ಬೆರಳುಗಳ ಜೊತೆಗೇ ಇಡು. ಹ್ಯಾಂಡಲು ಹಿಂದಕ್ಕೆ ಒದ್ದರೆ ಬೆರಳು ಮುರಿಯುತ್ತದೆ” ಎಂದರು.