ಕರೆಕ್ಟ್ ಹೇಳಿದ್ರಿ ಅಕ್ಕಾರ

ಬ್ಯಾಸಿಗ್ಯಾಗ ರಾಯಚೂರಾಗ ಮಧ್ಯಾಹ್ನ ಎರಡರ ಹೊತ್ತಿಗೆ ನಾಯಿ ಸೈತ ನೆರಳು ಬಿಟ್ಟು ಬರಂಗಿಲ್ಲ, ಬರಾವ ಒಬ್ಬನೇ, ಸೇಲ್ಸ್‌ಮನ್. ನಿನ್ನೆ ಊಟ ಆಗಿ, ಮುಸುರಿ ಎತ್ತಿಟ್ಟು, ಕೂಲರಿಗೆ ನೀರು ತುಂಬಿ ಇನ್ನೇನು ಅಡ್ಡಾಗಬೇಕು ಅಂತ ಚಾಪಿ ಹಾಸಿದ್ದೆ, ಬೆಲ್ ಹೊಡೀತು. ನೋಡಿದ್ರ ಈ ಬಿಸಿಲಾಗ ಕುತ್ತಿಗಿಗೆ ಟೈ ಬಿಗಿದುಕೊಂಡು ನಿಂತಾನ ಪುಣ್ಯಾತ್ಮ! ವಾಟರ್ ಫಿಲ್ಟರ್ ಕಂಪನಿಯಿಂದ ಬಂದೀನಿ, ನಿಮ್ಮ ಮನಿ ನೀರು ಫ್ರೀ ಚೆಕ್ ಮಾಡ್ತೀನಿ ಅಂದ.

ಬ್ಯಾಡ್ರಿ ಅಂದೆ.

"ಕರೆಕ್ಟ್ ಹೇಳಿದ್ರಿ ಅಕ್ಕಾರ" ಅಂದವನೇ ಬೂಟು ಬಿಚ್ಚಿ ಒಳಗ ಬಂದ.

ಇವನ ಚಟ ಇದೇ ನೋಡ್ರಿ, ನೀವು ಏನಂದ್ರೂ ಕರೆಕ್ಟು. ನಮ್ಹತ್ರ ರೊಕ್ಕಿಲ್ಲಪ್ಪ ಅಂದ್ರ "ಕರೆಕ್ಟ್ ರೀ, ಅದಕ್ಕೇ ಇಎಂಐ ಅದ". ಯಜಮಾನ್ರು ಮನ್ಯಾಗಿಲ್ಲ ಅಂದ್ರ "ಕರೆಕ್ಟ್ ರೀ, ನೀರಿನ ವಿಷಯ ಹೆಣ್ಮಕ್ಕಳೇ ಡಿಸೈಡ್ ಮಾಡ್ಬೇಕು". ಕಡೀಗೆ ಬಾಯಿಬಿಟ್ಟು ಹೇಳಿದೆ, ನನಗ ನಿದ್ದಿ ಬರಕತ್ತದ ಅಂತ. "ಕರೆಕ್ಟ್ ರೀ ಅಕ್ಕಾರ, ನೀರು ಸರಿ ಇಲ್ಲಂದ್ರ ಹಿಂಗೇ ಸುಸ್ತಾಗದು!" ಇಷ್ಟು ವರ್ಷ ಸಂಸಾರ ಮಾಡೀನಿ, ಮನ್ಯಾಗ ಒಬ್ಬರ ಬಾಯಾಗೂ ಈ ಶಬ್ದ ಕೇಳಿಲ್ಲ, ಹಂಗಾಗಿ ಮೊದಲ ಎರಡು ಸಲ ಚಲೋನೇ ಅನಿಸ್ತು, ಸುಳ್ಯಾಕ ಹೇಳ್ಲಿ.

ಆಮ್ಯಾಲ ನೀರಾಗ ಎಷ್ಟು ಲವಣ ಕರಗ್ಯಾವ ಅಂತ ತೋರಿಸೋ ಪೆನ್ನಿನಂಥಾ ಟಿಡಿಎಸ್ ಮೀಟರ್ ತೆಗೆದು ನಲ್ಲಿ ನೀರಾಗ ಅದ್ದಿದ. 380 ತೋರಿಸ್ತು. ಐಸಿಯು ಮುಂದ ನಿಂತ ಡಾಕ್ಟರಂಗ ಮಾರಿ ಮಾಡಿಕೊಂಡು, ನೂರು ದಾಟಿದ್ರ ವಿಷ ರೀ ಅಂದ. ನನ್ನ ಮಗಳು ಸೆಕೆಂಡ್ ಪಿಯುಸಿ ಸೈನ್ಸು, ಸುಮ್ನಿರಂಗಿಲ್ಲ, ಫೋನಾಗ ನೋಡಿ "ಅಂಕಲ್, ಐಎಸ್ಐ ಮಾರ್ಕ್ ಕೊಡೋ ಬಿಐಎಸ್ ಪ್ರಕಾರ 500 ತನಕ ಚಲೋನೇ ಅದ, ಬ್ಯಾರೆ ನೀರು ಸಿಗದಿದ್ರ 2000 ತನಕ ನಡೀತದ" ಅಂದ್ಳು. "ಕರೆಕ್ಟಮ್ಮ, ಶಾಣ್ಯಾ ಅದೀ" ಅಂದು ಎರಡು ಗ್ಲಾಸ್ ಕೇಳಿದ.

ಒಂದರಾಗ ನಮ್ಮ ನೀರು, ಒಂದರಾಗ ತನ್ನ ಬಾಟ್ಲಿ ನೀರು. ಸರಳು ಇರೋ ಒಂದು ಡಬ್ಬಿ ಎರಡಕ್ಕೂ ಇಳಿಬಿಟ್ಟು ನಮ್ಮದೇ ಕರೆಂಟ್ ಹಚ್ಚಿದ. ನೋಡ್ತಾ ನೋಡ್ತಾ ನಮ್ಮ ನೀರು ಗಟಾರದಂಗ ಕೆಂಪಗಾಗಿ ಮ್ಯಾಲ ರೊಜ್ಜು ತೇಲ್ತು, ಅವಂದು ಕನ್ನಡಿಯಂಗ ಹಂಗೇ. "ದಿನಾ ಇದನ್ನೇ ಕುಡಿಯಾಕತ್ತೀರಿ!" ಒಳಗ ಮಲಗಿದ್ದ ನಮ್ಮತ್ತಿ ಎದ್ದು ಬಂದು ಶಿವಶಿವಾ ಅಂದ್ರು.

ಮಗಳು ಅಡಗಿ ಮನಿಗೆ ಹೋಗಿ ಒಂದು ಚಿಟಿಕಿ ಉಪ್ಪು ತಂದು ಅವನ ಗ್ಲಾಸಿಗೆ ಹಾಕಿ, ಈಗ ಹಚ್ರಿ ಅಂಕಲ್ ಅಂದ್ಳು. ನೀರಾಗ ಲವಣ ಇದ್ರೇ ಕರೆಂಟ್ ಹರೀತದಂತ, ಕರೆಂಟ್ ಹರಿದ್ರ ಕಬ್ಬಿಣದ ಸರಳೇ ಕರಗಿ ತುಕ್ಕು ಬಿಡ್ತದಂತ, ಹೊಲಸು ಅದರದು, ನಮ್ಮ ನೀರಿನದಲ್ಲ. ಅವನ ನೀರೂ ಕೆಂಪಗಾತು. ಇನ್ನ ಇವ ಬಾಯಿ ಮುಚ್ಚಿದ ಅಂದ್ಕೊಂಡ್ರ "ಕರೆಕ್ಟ್ ರೀ ಅಕ್ಕಾರ, ಅದಕ್ಕೇ ಡಾಕ್ಟ್ರು ಉಪ್ಪು ಕಡಿಮಿ ತಿನ್ರಿ ಅಂತಾರ" ಅಂದ!

ನಗು ಬಂತು ಖರೆ, ಆದ್ರ ಹೊಟ್ಟಿ ಉರಿಯೋದೂ ಇಲ್ಲೇ. ಅತ್ತ ಕೃಷ್ಣಾ ಇತ್ತ ತುಂಗಭದ್ರಾ, ನಡುವ ಕುಂತು ನಾವು ಕ್ಯಾನ್ ಹಿಡಕೊಂಡು ಕಾಯಿನ್ ಹಾಕಿ ನೀರು ತರ್ತೀವಿ. 2022ರಾಗ ಇದೇ ಊರಾಗ ಹೊಲಸು ನೀರು ಕುಡಿದು ಜನ ಸತ್ತಾರ, ಆ ಅಂಜಿಕಿ ನಮಗಿನ್ನೂ ಹೋಗಿಲ್ಲ. ಇವ ಮಾರದು ಆ ಅಂಜಿಕಿನೇ, ಅವನ ಮೀಟರಿಗೋ ನೀರಾಗಿನ ಕ್ರಿಮಿ ಒಂದೂ ಕಾಣಂಗಿಲ್ಲ.

ನಾವು ಸಣ್ಣವರಿದ್ದಾಗ ಇಳಕಲ್ ಸೀರಿ ಗಂಟು ಹೊತ್ತು ಒಬ್ಬ ಅಜ್ಜ ಬರ್ತಿದ್ದ. ಕಟ್ಟಿಮ್ಯಾಲ ಗಂಟು ಬಿಚ್ಚಿದ್ರ ಓಣಿ ಹೆಣ್ಮಕ್ಕಳೆಲ್ಲ ಅಲ್ಲೇ, ರೊಕ್ಕ ಸುಗ್ಗಿಗೆ ಕೊಡ್ರವ್ವ ಅಂತಿದ್ದ, ಯಾರ ಮನ್ಯಾಗ ಮದುವಿ ಅದ ಅನ್ನೋದು ನಮಗಿಂತ ಮೊದಲು ಅವಗ ಗೊತ್ತಿರ್ತಿತ್ತು. ನಮ್ಮವ್ವ ಈ ಸಲ ಬ್ಯಾಡಪ್ಪ ಅಂದ್ರ ಗಂಟು ಕಟ್ಟಿ, ನಮ್ಮ ಕೊಡದ ನೀರು ಕುಡಿದು ಹೋಗ್ತಿದ್ದ. ಬ್ಯಾಡ ಅನ್ನೋದು ಅವಗ ಕೇಳಿಸ್ತಿತ್ತು. ಈ ಹುಡುಗನಿಗೆ ಕೇಳಿಸಿದ್ರ ನೌಕರಿ ಉಳಿಯಂಗಿಲ್ಲೇನೋ. ದೇವದುರ್ಗ ಕಡೆ ಹಳ್ಳಿಯವನಂತ, ಬಿಎ ಮಾಡ್ಯಾನಂತ, ತಿಂಗಳ ಟಾರ್ಗೆಟ್ ಆಗದಿದ್ರ ಪೆಟ್ರೋಲಿನ ರೊಕ್ಕನೂ ಕೈಯಿಂದ್ಲೇ ಅಂತ. ಮಜ್ಜಿಗಿ ಕೊಟ್ಟೆ, ಒಂದೇ ಗುಟುಕಿಗೆ ಕುಡಿದ. ಅದ್ಯಾವ ನೀರಿನ ಮಜ್ಜಿಗಿ ಅಂತ ಕೇಳ್ಲಿಲ್ಲ.

ಹೋಗುವಾಗ, ನೀವು ತೊಗೊಳ್ಳದಿದ್ರ ಇರ್ಲಿ, ನಿಮ್ಮ ಬಳಗದ ಐದು ನಂಬರ್ ಕೊಡ್ರಿ ಅಂದ. ನನ್ನ ಹತ್ರ ಯಾರ ನಂಬರೂ ಇಲ್ಲ ಅಂದೆ. ಕರೆಕ್ಟ್ ರೀ ಅನ್ನೋದ್ರೊಳಗ ನಮ್ಮತ್ತಿ ಸಿಂಧನೂರಿನ ನನ್ನ ನಾದಿನಿ ನಂಬರ್ ಮಗ್ಗಿಗತೆ ಒಪ್ಪಿಸಿಬಿಟ್ರು.

ಇವತ್ತು ಮುಂಜಾನೆ ನಾದಿನಿ ಫೋನು. "ವೈನಿ, ನೀವು ತೊಗೊಂಡೀರಂತಲ್ಲ, ಅದಕ್ಕ ನಾನೂ ಬುಕ್ ಮಾಡಿದೆ ನೋಡ್ರಿ. ಹಳೇದು ಎಕ್ಸ್‌ಚೇಂಜಿಗೆ ಹಾಕೀನಿ."

ಹಳೇದು ಅಂದ್ರ, ಹೋದ ವರ್ಷ ಇಂಥಾವನೇ ಇನ್ನೊಬ್ಬ ಟೈ ಕಟ್ಟಿಕೊಂಡು ಬಂದು ಹಚ್ಚಿಹೋಗಿದ್ದ ಮಿಷನ್ನು. ಅದರ ಕಂತು ಇನ್ನೂ ಮುಗಿದಿಲ್ಲ.