ಪರದೆ ಒಂದಾದರೂ ಕಣ್ಣಿಗೆ ಕೆಲಸ ಇದ್ದೇ ಇದೆ

ಡಯಲ್‌ಗಳ ಬದಲು ಡಿಜಿಟಲ್ ಪರದೆ ಇರುವ ವಿಮಾನದ ಗ್ಲಾಸ್ ಕಾಕ್‌ಪಿಟ್‌ನಲ್ಲಿ ಎಲ್ಲ ಒಂದೇ ಪರದೆಯಲ್ಲಿರುವುದರಿಂದ ಸ್ಕ್ಯಾನ್, ಅಂದರೆ ಉಪಕರಣಗಳ ಮೇಲೆ ಕಣ್ಣಾಡಿಸುವುದು, ಸುಲಭ ಎಂದು ಒಬ್ಬರು ಬರೆದಿದ್ದಾರೆ. ಅರ್ಧ ಮಾತ್ರ ನಿಜ. ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿರುವವರು ದಯವಿಟ್ಟು ಗಮನಿಸಿ. ಹಳೆಯ ಸೆಸ್ನಾ 172 ವಿಮಾನದ ಡಯಲ್‌ನಲ್ಲಿ ಮುಳ್ಳು ನಿಂತ ಕೋನ ನೋಡಿದರೇ ವೇಗ ತಿಳಿಯುತ್ತದೆ. ಜಿ1000 ಎಂಬ ಗ್ಲಾಸ್ ಕಾಕ್‌ಪಿಟ್ ಪರದೆಯ ಟೇಪಿನಲ್ಲಿ, ಅಂದರೆ ಮೇಲೆ ಕೆಳಗೆ ಸರಿಯುವ ಅಂಕಿಗಳ ಪಟ್ಟಿಯಲ್ಲಿ, ಅಂಕಿ ಓದಬೇಕು. ಕಣ್ಣು ಅಲ್ಲೇ ಅಂಟಿಕೊಂಡು ಎತ್ತರದ 10 ಅಡಿ ಏರಿಳಿತದ ಬೆನ್ನು ಹತ್ತುತ್ತೀರಿ. ಅದರ ಬದಲು ಟೇಪಿನ ಪಕ್ಕದ ನೇರಳೆ ಗೆರೆ ನೋಡಿ, 6 ಸೆಕೆಂಡಿನ ನಂತರ ವೇಗ, ಎತ್ತರ ಎಷ್ಟಿರುತ್ತದೆಂದು ಅದೇ ಹೇಳುತ್ತದೆ.

ಡಯಲ್ ವಿಮಾನಕ್ಕೆ ಮರಳಿದಾಗ ವಿಮಾನದ ಮೂತಿ ಯಾವ ದಿಕ್ಕಿಗಿದೆ ಎಂದು ತೋರಿಸುವ ಹೆಡಿಂಗ್ ಇಂಡಿಕೇಟರ್ ತಾನಾಗಿಯೇ ಸರಿಯುವುದು ಮರೆತುಹೋಗುತ್ತದೆ. 15 ನಿಮಿಷಕ್ಕೊಮ್ಮೆ, ರೆಕ್ಕೆ ಮಟ್ಟವಾಗಿದ್ದು ವೇಗ ಬದಲಾಗದಿರುವಾಗ, ದಿಕ್ಸೂಚಿಗೆ ಹೊಂದಿಸಿ. ಗಾಳಿ ಎಳೆದು ಕೆಲವು ಡಯಲ್‌ಗಳನ್ನು ನಡೆಸುವ ವ್ಯಾಕ್ಯೂಮ್ ಪಂಪ್ ಕೆಟ್ಟರೆ, ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ತಟಕ್ಕನೆ ನಿಲ್ಲುವುದಿಲ್ಲ, ನಿಧಾನವಾಗಿ ವಾಲುತ್ತದೆ. ತಿರುವನ್ನು ತೋರಿಸುವ ಟರ್ನ್ ಕೋಆರ್ಡಿನೇಟರ್ ಸಾಮಾನ್ಯವಾಗಿ ವಿದ್ಯುತ್ತಿನದು, ಪಂಪ್ ಕೆಟ್ಟರೂ ನಡೆಯುತ್ತದೆ, ಅದರೊಂದಿಗೆ ತಾಳೆ ನೋಡಿ.