ಮೊದಲು ಆ ಕವರ್ ಒಡೀರಿ ಮಾರಾಯ್ರೇ

ನಮ್ಮ ಬೀದಿಯ ಒಂದು ಮನೆಗೆ ಇವತ್ತು ಬ್ಯಾಂಕಿನವರು ಬಂದು, ಮನೆ ಸಾಲದ ಕಂತು ಬಾಕಿ ಅಂತ ಬಾಗಿಲಿಗೆ ನೋಟಿಸ್ ಅಂಟಿಸಿ ಹೋದರು. ಅವರ ಕಾರು ತಿರುವು ದಾಟುವ ಮೊದಲೇ ಯಾರೋ ಪುಣ್ಯಾತ್ಮರು ಅದರ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ, ಕೆಳಗೆ ಕೈಮುಗಿಯುವ ಚಿತ್ರ ಬೇರೆ. ಅದೇ ಮನೆಯ ಗೃಹಪ್ರವೇಶದಲ್ಲಿ ಕೇಳಿ ಕೇಳಿ ಹೋಳಿಗೆ ಹಾಕಿಸಿಕೊಂಡ ಜನ ಇವರು. ಇರಲಿ, ಅವರನ್ನು ಇನ್ನೊಂದು ದಿನ ವಿಚಾರಿಸಿಕೊಳ್ಳುತ್ತೇನೆ. ಇವತ್ತಿನ ಸಿಟ್ಟು ಆ ಮನೆ ಯಜಮಾನರ ಮೇಲೆ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ಅಂತ ನಿಮಗೆಲ್ಲ ಗೊತ್ತಲ್ಲ, ಅದಕ್ಕೇ ಅವರ ಹೆಂಡತಿ ನನ್ನನ್ನು ಕರೆದದ್ದು. ಹೋದವಳೇ "ಇದಕ್ಕೆ ಮೊದಲು ಬಂದ ಕಾಗದ ಎಲ್ಲಿ?" ಅಂದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಯಜಮಾನರು ಸ್ಟೂಲ್ ಹತ್ತಿ ಫ್ರಿಜ್ ಮೇಲಿಂದ ಒಂದು ಕಟ್ಟು ಇಳಿಸಿದರು. ಕರೆಂಟ್ ಬಿಲ್, ಯಾರದೋ ಮದುವೆ ಕಾರ್ಡು, ನಡುವೆ ರಿಜಿಸ್ಟರ್ಡ್ ಪೋಸ್ಟಿನ ಮೂರು ಕವರ್. ಒಂದನ್ನೂ ಒಡೆದಿಲ್ಲ! ಪೋಸ್ಟ್‌ಮ್ಯಾನ್ ಹತ್ತಿರ ಸಹಿ ಹಾಕಿ ತಗೊಂಡಿದ್ದಾರೆ, ತಂದು ಮೇಲಿಟ್ಟಿದ್ದಾರೆ, ಮುಗೀತು. ಒಂದಕ್ಕೆ ಒಗ್ಗರಣೆ ಜಿಡ್ಡು ಬೇರೆ ಹತ್ತಿದೆ.

"ತೆಗೆದರೆ ಒಳಗೆ ಏನಿರುತ್ತೋ ಅಂತ ಭಯ ಅಕ್ಕಾ" ಅಂದರು. ತೆಗೆಯದೇ ಇದ್ದರೆ ಒಳಗಿನದ್ದು ಆವಿಯಾಗಿ ಹೋಗುತ್ತಾ?

ಒಳಗೆ ಏನಿತ್ತು ಅಂತ ಹೇಳುತ್ತೇನೆ. ಕಂತು ಬಾಕಿಯಾಗಿ 90 ದಿನ ದಾಟಿದರೆ ಬ್ಯಾಂಕು ಆ ಸಾಲವನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಅಂತ ಬರೆದುಕೊಳ್ಳುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯ ಕಲಂ 13(2)ರ ನೋಟಿಸ್. ಇಷ್ಟು ಬಾಕಿ ಇದೆ, 60 ದಿನದಲ್ಲಿ ಕಟ್ಟಿ ಅಂತ. ಕೋರ್ಟಿನ ಮೆಟ್ಟಿಲು ಹತ್ತದೆಯೇ ಮನೆ ವಶಕ್ಕೆ ತಗೊಳ್ಳುವ ಅಧಿಕಾರ ಕೊಟ್ಟ ಖಡಕ್ ಕಾಯ್ದೆ ಅದು, ಅನುಮಾನವೇ ಇಲ್ಲ. ಆದರೆ ಆ 60 ದಿನ ಸಾಲಗಾರನದು. ಬಡ್ಡಿ ಲೆಕ್ಕ ತಪ್ಪಿದೆ, ಕಟ್ಟಿದ್ದು ಜಮಾ ಆಗಿಲ್ಲ, ಏನೇ ತಕರಾರಿದ್ದರೂ ಬರೆದು ಕೊಡಿ. ಒಪ್ಪದಿದ್ದರೆ ಯಾಕೆ ಒಪ್ಪಲ್ಲ ಅಂತ ಬ್ಯಾಂಕು 15 ದಿನದೊಳಗೆ ತಿಳಿಸಲೇಬೇಕು. ಅಂಥ ಪತ್ರ ಬಂದರೆ ನಮ್ಮಲ್ಲಿ ಫೈಲು ಮ್ಯಾನೇಜರ್ ಟೇಬಲ್ಲಿಗೆ ಓಡುತ್ತಿತ್ತು. ಬಾರದಿದ್ದರೆ ಸುಮ್ನೆ ಮುಂದಿನ ಹಂತಕ್ಕೆ. ಯಾರಿಗೂ ಯಾರ ಮೇಲೂ ದ್ವೇಷ ಇಲ್ಲ, ತಾರೀಖು ಬಂತು, ಕಾಗದ ಹೋಯಿತು, ಅಷ್ಟೇ.

ಅಸಲಿಗೆ ವಿಷಯ ಅಲ್ಲಿಯವರೆಗೆ ಹೋಗಬಾರದು. ಒಂದು ಕಂತು ತಪ್ಪುತ್ತೆ ಅನ್ನಿಸಿದಾಗಲೇ ಬ್ರಾಂಚಿಗೆ ಹೋಗಿ ವ್ಯಾಪಾರ ಬಿದ್ದಿದೆ ಅಂತ ಹೇಳಿದರೆ ಅವಧಿ ಉದ್ದ ಮಾಡಿ ಕಂತು ಇಳಿಸಿಕೊಡುವ ದಾರಿ ಇರುತ್ತದೆ. ಎಲ್ಲ ಮ್ಯಾನೇಜರೂ ಒಪ್ಪುತ್ತಾರೆ ಅಂತಲ್ಲ, ಆದರೆ ಎನ್‌ಪಿಎ ಆದಮೇಲೆ ಒಪ್ಪುವ ಮನಸ್ಸಿದ್ದವರಿಗೂ ಕಷ್ಟ. ಈ ಮಹಾನುಭಾವರು ಏನು ಮಾಡಿದರು? ಬ್ಯಾಂಕಿನ ನಂಬರ್ ಬ್ಲಾಕ್ ಮಾಡಿದರು. (ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವ ಹಾಗಿಲ್ಲ, ಆರ್‌ಬಿಐ ನಿಯಮ. ಅದನ್ನಾದರೂ ತಿಳಿದುಕೊಂಡು ಜಗಳ ಆಡಬಹುದಿತ್ತು.) ಆಮೇಲೆ ಮೀಟರ್ ಬಡ್ಡಿಗೆ ಕೈಸಾಲ ಮಾಡಿ ಎರಡು ಕಂತು ಕಟ್ಟಿದರು. ಮನೆ ಸಾಲಕ್ಕೆ ವರ್ಷಕ್ಕೆ ಒಂಬತ್ತು ಪರ್ಸೆಂಟು, ಮೀಟರ್ ಬಡ್ಡಿ ತಿಂಗಳಿಗೆ ಹತ್ತು. ಈ ಲೆಕ್ಕಕ್ಕೆ ಯಾವ ಮೇಷ್ಟ್ರು ಮಾರ್ಕ್ಸ್ ಕೊಡುತ್ತಾರೋ ನೋಡಬೇಕು.

ಈಗ ಕಾಮೆಂಟಿನಲ್ಲಿ ಶುರು ಮಾಡ್ತೀರಿ, ಗೊತ್ತು. ದುಡ್ಡೇ ಇಲ್ಲದವನು ನೋಟಿಸ್ ಓದಿ ಏನು ಮಾಡಬೇಕು ಮೇಡಂ, ಸಾವಿರಾರು ಕೋಟಿ ಮುಳುಗಿಸಿದವರು ಲಂಡನ್ನಿನಲ್ಲಿ ಆರಾಮಾಗಿದ್ದಾರೆ ಅಂತ. ಅನ್ಯಾಯವೇ, ಒಪ್ಪಿದೆ. ಲಂಡನ್ನಿಗೆ ಟಿಕೆಟ್ ಇದ್ದರೆ ನೀವೂ ಹೊರಡಿ. ಇಲ್ಲದವರಿಗೆ ಹೇಳುವುದು ಇಷ್ಟೇ, ದುಡ್ಡಿಲ್ಲದವನಿಗೇ ದಿನ ಜಾಸ್ತಿ ಬೇಕು. 60 ದಿನದಲ್ಲಿ ಗಿರಾಕಿ ಹುಡುಕಬಹುದು. ಬ್ಯಾಂಕಿನ ಒಪ್ಪಿಗೆ ಪತ್ರ ತಗೊಂಡು ನೀವೇ ಮಾರಿ, ಸಾಲ ತೀರಿಸಿ, ಮಿಕ್ಕಿದ್ದು ಕೈಯಲ್ಲಿ ಹಿಡಿದು ಹೊರಡಬಹುದು. ಹರಾಜಾದರೂ ಸಾಲ, ಖರ್ಚು ಕಳೆದು ಉಳಿದದ್ದು ಕಾನೂನಿನ ಪ್ರಕಾರ ನಿಮಗೇ ಸೇರಬೇಕು, ನಿಜ. ಆದರೆ ಬ್ಯಾಂಕಿನ ಹರಾಜಿಗೆ ಬರುವವನು ಅಗ್ಗಕ್ಕೆ ಸಿಗುತ್ತೆ ಅಂತಲೇ ಬರುವವನು, ಅಲ್ವಾ?

ನನಗೆ ಯಾಕಿಷ್ಟು ಕೋಪ ಅಂದರೆ, ನಮ್ಮಪ್ಪನೂ ಹೀಗೇ ಇದ್ದರು. ಸೊಸೈಟಿ ಸಾಲದ ಕಾಗದ ಬಂದರೆ ರಾಯರ ಫೋಟೋ ಹಿಂದೆ ಸಿಗಿಸಿಬಿಡುತ್ತಿದ್ದರು. ರಾಯರೇ ನೋಡಿಕೊಳ್ಳಲಿ ಅಂತಲೋ, ಅಮ್ಮನ ಕಣ್ಣಿಗೆ ಬೀಳದಿರಲಿ ಅಂತಲೋ. ಅರ್ಧ ತೋಟ ಹೋದಮೇಲೆ ಗೋಡೆಗೆ ಸುಣ್ಣ ಹೊಡೆಯುವಾಗ ಎಲ್ಲ ಕಾಗದ ಕೆಳಗೆ ಬಿತ್ತು. ಅಪ್ಪ ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಮರ್ಯಾದೆಗೆ ಹೆದರುತ್ತಿದ್ದರು, ಅದೊಂದೇ ಚಟ.

ಇವರ ಕಥೆ ಇನ್ನೂ ಮುಗಿದಿಲ್ಲ. ಬಾಗಿಲಿಗೆ ಅಂಟಿಸಿದ್ದು ಕಾಗದದ ಮೇಲಿನ ಸ್ವಾಧೀನ, ಇವರು ಇನ್ನೂ ಮನೆಯೊಳಗೇ ಇದ್ದಾರೆ. ಅದೇ ನೋಟಿಸ್ ಏಳು ದಿನದೊಳಗೆ ಎರಡು ಪತ್ರಿಕೆಯಲ್ಲೂ ಬರುತ್ತದೆ, ಒಂದು ಕನ್ನಡದ್ದು. (ಗ್ರೂಪಿನವರಿಗೆ ಇನ್ನೊಂದು ಫೋಟೋ ಸಿಕ್ಕಿತು.) ಇವರು ಮನೆ ಬಿಡಲ್ಲ ಅಂದರೆ ಬ್ಯಾಂಕು ಡಿಸಿ ಹತ್ತಿರ ಆದೇಶ ತರಬೇಕು. ಬ್ಯಾಂಕು ಕ್ರಮ ತಪ್ಪಿದ್ದರೆ 45 ದಿನದೊಳಗೆ ಬೆಂಗಳೂರಿನ ಡಿಆರ್‌ಟಿಯಲ್ಲಿ (ಸಾಲ ವಸೂಲಾತಿ ನ್ಯಾಯಮಂಡಳಿ) ಅರ್ಜಿ ಹಾಕಬಹುದು. "ಸ್ಟೇ ತಂದುಕೊಡ್ತೀನಿ, ಅಡ್ವಾನ್ಸ್ ಕೊಡಿ" ಅನ್ನುವ ಒಬ್ಬರು ಆಗಲೇ ಫೋನ್ ಮಾಡಿದ್ದಾರಂತೆ. ಇಂಥವರ ಫೋನ್ ಮಾತ್ರ ಎತ್ತುತ್ತಾರೆ ನೋಡಿ!

ಹರಾಜಿನ ದಿನ ಎಲ್ಲಿಂದಾದರೂ ದುಡ್ಡು ತಂದು ಸುರಿಯುತ್ತೇನೆ ಅಂತಲೂ ಅಂದರು. ಅದು ಸಿನಿಮಾದಲ್ಲಿ. 2016ರ ತಿದ್ದುಪಡಿ ಆದಮೇಲೆ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ನೋಟಿಸ್ ಪ್ರಕಟ ಆಗುವವರೆಗೆ ಮಾತ್ರ, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಅದಕ್ಕೇ ಕೂತು ಪತ್ರ ಬರೆಸಿದೆ, ಇಷ್ಟು ತಿಂಗಳಲ್ಲಿ ಮನೆ ಮಾರಿ ಸಾಲ ತೀರಿಸುತ್ತೇವೆ, ಒಂದೇ ಸಲ ಕಟ್ಟಿದರೆ ಎಷ್ಟಕ್ಕೆ ಚುಕ್ತಾ ಮಾಡುತ್ತೀರಿ ಅಂತ. ಎರಡು ಪ್ರತಿ, ಒಂದಕ್ಕೆ ಸೀಲು ಹಾಕಿಸಿಕೊಂಡೇ ಬರಬೇಕು. ಬೆಳಿಗ್ಗೆ ಹತ್ತಕ್ಕೆ ರೆಡಿ ಇರಿ, ನಾನೂ ಬರುತ್ತೇನೆ ಅಂದೆ.

"ನಾಳೆ ಅಮಾವಾಸ್ಯೆ ಅಕ್ಕಾ, ನಾಡಿದ್ದು ಹೋದರೆ ಆಗಲ್ವಾ?" ಅಂದರು.

ನಾನು ಏನಂದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ, ನಮ್ಮ ಸೊಸೆಯ ಮನೆಯವರೂ ಈ ಪೋಸ್ಟ್ ಓದುತ್ತಾರೆ.